ಕಪ್ಪೆಗೆ ಕಟ್ಟಿದ ಹಲಗೆ

ಹೌಕಿ ಸರೋವರ, ಉತ್ತರ ಒಂಟಾರಿಯೊ
6 ನವೆಂಬರ್ 1988

ಅಣ್ಣ ತೌನೋ,

ಫೋನು ಮಾಡಿದರೆ ನಿನಗೆ ಕೇಳುವುದಿಲ್ಲ, ನಿನ್ನ ಪಕ್ಕದ ಮನೆಯವಳಿಗೆ ಎಲ್ಲವೂ ಕೇಳುತ್ತದೆ. ಅದಕ್ಕೇ ಈ ಕಾಗದ. ನಲವತ್ತು ವರ್ಷ ಗಣಿಯಲ್ಲಿ ವೆಲ್ಡಿಂಗ್ ಮಾಡಿ ನೀನು ಕಿವಿ ಕಳೆದುಕೊಂಡೆ, ನಿನ್ನ ಕಣ್ಣಾದರೂ ನೆಟ್ಟಗಿದೆ ಎಂದುಕೊಂಡಿದ್ದೇನೆ.

ವಿಷಯ ಇಷ್ಟು. ಉತ್ತರ ದಡದಲ್ಲಿ ಅಪ್ಪ ಕಟ್ಟಿದ ಉಗಿಸ್ನಾನದ ಮನೆ, ನಮ್ಮ ಸೌನಾ ಇದೆಯಲ್ಲ, ಅದರ ಜಾಗದ ಗುತ್ತಿಗೆ ಮುಗಿಯಿತು. ಮಾರ್ಚ್ 31ರೊಳಗೆ ಎತ್ತಿಕೊಂಡು ಹೋಗದಿದ್ದರೆ ತಾವೇ ಸುಟ್ಟು ನೆಲ ಚೊಕ್ಕಟ ಮಾಡುತ್ತೇವೆಂದು ಮರದ ಕಂಪನಿಯವರು ಬರೆದಿದ್ದಾರೆ. ನೀನೂ ನಾನೂ ಹುಟ್ಟಿದ್ದು ಆ ಸೌನಾದ ಕೆಳಗಿನ ಹಲಗೆಯ ಮೇಲೆ. ಅಮ್ಮನಿಗೆ ಕೊನೆಯ ಸ್ನಾನ ಮಾಡಿಸಿದ್ದೂ ಅಲ್ಲೇ. ಒಲೆ, ಅದರ ಮೇಲಿನ ಕಲ್ಲುಗಳು, ಅಪ್ಪ ಕೆತ್ತಿದ ಬಟ್ಟೆಯ ಗೂಟಗಳು ಎಲ್ಲವೂ ಇಟ್ಟ ಹಾಗೇ ಇವೆ. ಅದನ್ನು ಸುಡಲು ನಾನು ಬಿಡುವುದಿಲ್ಲ. ಮಾರ್ಚಿನಲ್ಲಿ ಮಂಜುಗಡ್ಡೆಗಟ್ಟಿದ ಸರೋವರದ ಮೇಲೆ ಎಳೆದು ತಂದು ನನ್ನ ಮನೆಯ ಮುಂದೆ ಕೂರಿಸುತ್ತೇನೆ.

ಈ ಊರಿನಲ್ಲಿ ದಿಮ್ಮಿ ಎಳೆಯುವ ಟ್ರಾಕ್ಟರ್ ಇರುವುದು ಗೇತಾನ್ ಒಬ್ಬನ ಹತ್ತಿರ. ಅವನನ್ನು ಕೇಳಿದೆ. ಕಾಫಿಯಲ್ಲಿ ಏಲಕ್ಕಿ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತ, "ಇಪ್ಪತ್ತೆಂಟು ಇಂಚು ಗಡ್ಡೆ ತೋರ್ಸು, ಎಳೀತೀನಿ. ಇಪ್ಪತ್ತೇಳೂವರೆ ಅಂದ್ರೆ ಇಲ್ಲೇ ಕೂತ್ಕೊಂಡು ಇನ್ನೊಂದು ಲೋಟ ಕುಡೀತೀನಿ" ಅಂದ. ಹೋದ ವರ್ಷ ಮಾರ್ಚಿನಲ್ಲಿ ಇದ್ದದ್ದು ಹತ್ತೊಂಬತ್ತು ಇಂಚು. ಹಿಮ ಬೇಗ ಬಿದ್ದು ಕಂಬಳಿ ಹೊದಿಸಿದಂತೆ ಮಲಗಿಬಿಟ್ಟರೆ ಚಳಿ ಕೆಳಗಿಳಿಯುವುದಿಲ್ಲ, ಗಡ್ಡೆ ಬೆಳೆಯುವುದಿಲ್ಲ. ಡಿಸೆಂಬರಿನಿಂದಲೇ ಆ ಕಂಬಳಿಯನ್ನು ಕಿತ್ತು ಹಾಕುತ್ತಿರಬೇಕು. ಆದರೆ ಡಿಸೆಂಬರಿನ ಗಡ್ಡೆ ಟ್ರಕ್ಕಿನ ಭಾರ ತಡೆಯುವುದಿಲ್ಲ.

ತಡೆಯುವುದು ವೈಕೊನ ಕಪ್ಪೆಯ ಭಾರವನ್ನು ಮಾತ್ರ. ನನ್ನ ಗಂಡ ಬಿಟ್ಟುಹೋದ ಆಸ್ತಿಯೆಂದರೆ ಅದೊಂದೇ: ಆರು ಚಕ್ರದ ಗಾಡಿ, ಪ್ಲಾಸ್ಟಿಕ್ ತೊಟ್ಟಿಯ ಮೈ, ಕೆಸರಲ್ಲಿ ನಡೆಯುತ್ತದೆ, ನೀರಲ್ಲಿ ತೇಲುತ್ತದೆ. ಗಡ್ಡೆ ಒಡೆದರೂ ಮುಳುಗುವುದಿಲ್ಲ. ಅದರ ಮೂತಿಗೆ ಹಿಮ ತಳ್ಳುವ ಹಲಗೆಯೊಂದನ್ನು ಕಟ್ಟಬೇಕು. ಅಂಗಡಿಯಲ್ಲಿ ಇಂಥ ಗಾಡಿಗೆ ಹೊಂದುವ ಹಲಗೆ ಸಿಗುವುದಿಲ್ಲ. ನೀನು ನಕ್ಷೆ ಬರೆದು ಕಳಿಸು. ಉಳಿದದ್ದು ನನಗೆ ಬಿಡು.

ಲೆಂಪಿ

*

ಸಡ್ಬರಿ
14 ನವೆಂಬರ್ 1988

ತಂಗಿ ಲೆಂಪಿ,

ಸುಟ್ಟರೆ ಸುಡಲಿ. ಅರವತ್ತೆರಡು ವರ್ಷದ ಹಳೆಯ ದಿಮ್ಮಿಗಳು, ಬುಡ ಮೆತ್ತಗಾಗಿರುತ್ತದೆ. ಅದರೊಳಗೆ ನಾನು ಕಾಲಿಡದೆ ನಲವತ್ತೆರಡು ವರ್ಷವಾಯಿತು, ನನಗೇನೂ ಕಡಿಮೆಯಾಗಿಲ್ಲ. ಇಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ.

ನಕ್ಷೆ ಇಟ್ಟಿದ್ದೇನೆ, ನಾಲ್ಕು ಹಾಳೆ, ಎರಡೂ ಬದಿ ನೋಡು. ಹಲಗೆಗೆ ಹಳೆಯ ಬಿಸಿನೀರಿನ ಹಂಡೆ ಹುಡುಕು, ಪೀಪಾಯಿಯಂಥ ಎತ್ತರದ್ದು. ಅದನ್ನು ಉದ್ದಕ್ಕೆ ಸೀಳಿದರೆ ಬೇಕಾದ ಬಾಗು ತಾನಾಗಿಯೇ ಬರುತ್ತದೆ, ಬಗ್ಗಿಸುವ ಕೆಲಸವಿಲ್ಲ. ಗಾಡಿಗಿಂತ ಎರಡೂ ಕಡೆ ಮೂರು ಮೂರು ಇಂಚು ಹೆಚ್ಚು ಅಗಲವಿರಲಿ. ಹಿಂದೆ ಎರಡು ಸ್ಪ್ರಿಂಗು ಕಟ್ಟು. ಗಡ್ಡೆಯ ಉಬ್ಬಿಗೆ ಬಡಿದಾಗ ಹಲಗೆ ಮುಂದಕ್ಕೆ ಮುಗ್ಗರಿಸಿ ಮತ್ತೆ ಎದ್ದು ನಿಲ್ಲಬೇಕು, ಇಲ್ಲದಿದ್ದರೆ ಓಡಿಸುವವನ ಹಲ್ಲು ಉದುರುತ್ತದೆ. ಮೇಲೆತ್ತಲು ಒಂದು ರಾಟೆ, ಒಂದು ಹಗ್ಗ.

ಮುಖ್ಯವಾದದ್ದು ಮೂರನೆಯ ಹಾಳೆ. ಪ್ಲಾಸ್ಟಿಕ್ಕಿಗೆ ಭಾರ ಕೊಡಬೇಡ, ಅದು ಬರೀ ಸಿಪ್ಪೆ. ಒಳಗೆ ಕಬ್ಬಿಣದ ಫ್ರೇಮು ಇದೆ, ಭಾರವೆಲ್ಲ ಅದಕ್ಕೆ ಹೋಗಬೇಕು. ಮೂತಿಯ ಕೆಳಭಾಗದಲ್ಲಿ ನಾಲ್ಕು ತೂತು ಕೊರೆದು ಅರ್ಧ ಇಂಚಿನ ಬೋಲ್ಟುಗಳಲ್ಲಿ ಹಲಗೆಯ ತೋಳುಗಳನ್ನು ಫ್ರೇಮಿಗೇ ಬಿಗಿ. ನಾನು ಬರೆದ ಅಳತೆಯಲ್ಲಿ ಕೂದಲೆಳೆಯಷ್ಟೂ ಬದಲಿಸಬೇಡ. ಓಡಿಸುವ ಕೆಲಸ ಗೇತಾನನಿಗೆ ವಹಿಸು.

ತೌನೋ

*

27 ನವೆಂಬರ್

ಅಣ್ಣ,

ಸುಡಲಿ ಎಂದು ಒಂದು ಸಾಲು, ಸುಡದಿರಲು ಎಂಟು ಪುಟ. ನೀನು ಬದಲಾಗಿಲ್ಲ.

ಸಮುದಾಯ ಭವನದ ಹಿಂದೆ ಬಿದ್ದಿದ್ದ ಹಂಡೆ ಸಿಕ್ಕಿತು. ಗೇತಾನ್ ಗ್ಯಾಸಿನಲ್ಲಿ ಸೀಳಿಕೊಟ್ಟ. ಒಳಗೆ ಇಪ್ಪತ್ತು ವರ್ಷದ ಸುಣ್ಣದ ಪೊರೆ ಇತ್ತು, ಉಳಿಯಲ್ಲಿ ಬಡಿದು ತೆಗೆಯಲು ನನಗೆ ಎರಡು ದಿನ ಹಿಡಿಯಿತು. ಸ್ಪ್ರಿಂಗು ವೈಕೊನ ಮಂಚದ್ದು. ಅವನಿದ್ದಾಗಲೂ ಆ ಮಂಚ ಕಿರುಗುಡುತ್ತಿತ್ತು, ಈಗ ಹಿಮದಲ್ಲಿ ಕಿರುಗುಡಲಿ. ರಾಟೆ ದೋಣಿಮನೆಯದು.

ನಾಲ್ಕು ತೂತುಗಳನ್ನು ನೀನು ಹೇಳಿದ ಜಾಗದಲ್ಲೇ ಕೊರೆದೆ. ಗೇತಾನ್ ನಿನ್ನ ಮೂರನೆಯ ಹಾಳೆ ನೋಡಿ ತಲೆ ಕೆರೆದುಕೊಂಡ. "ನಿಮ್ಮಣ್ಣ ಇಷ್ಟು ಕೆಳಗ್ಯಾಕೆ ಕೊರಿಯೋಕೆ ಹೇಳಿದಾರೆ?" ಎಂದು ಕೇಳಿದ. ನಮ್ಮಣ್ಣ ಭೂಮಿಯ ಒಳಗೆ ಒಂದು ಮೈಲಿ ಇಳಿದು ಕಬ್ಬಿಣ ಬೆಸೆದವನು, ಬರೆದದ್ದು ಬರೆದ ಹಾಗೆ ಆಗಬೇಕು ಎಂದೆ. ನಾನು ಸೇರಿಸಿದ್ದು ಒಂದೇ, ಅಪ್ಪನ ವಿದ್ಯೆ: ಪ್ರತಿ ಬೋಲ್ಟಿನ ಸುತ್ತ ಉಣ್ಣೆಯ ನೂಲು ಸುತ್ತಿ ಪೈನ್ ಮರದ ಟಾರು ತುಂಬಿದೆ. ಅಪ್ಪ ದೋಣಿಯ ಸಂದುಗಳಿಗೆ ತುಂಬುತ್ತಿದ್ದ ಹಾಗೆಯೇ. ಕೈಯ ವಾಸನೆ ಇನ್ನೂ ಹೋಗಿಲ್ಲ, ಹೋಗುವುದೂ ಬೇಡ.

ಒಂದು ಪ್ರಶ್ನೆ. ಹಲಗೆಯನ್ನು ಬಲಕ್ಕೆ ಓರೆ ಮಾಡಿದರೆ ಗಾಡಿ ತಾನೇ ಎಡಕ್ಕೆ ಹೋಗುತ್ತದೆ. ಅಂಗಳದಲ್ಲಿ ಪರೀಕ್ಷೆ ಮಾಡುವಾಗ ಬೇಲಿಯ ಎರಡು ಕಂಬ ಹೋದವು. ಏನು ಮಾಡಲಿ?

ಲೆಂಪಿ

*

4 ಡಿಸೆಂಬರ್

ಲೆಂಪಿ,

ಹಿಮ ಬಲಕ್ಕೆ ಹೋದರೆ ಗಾಡಿ ಎಡಕ್ಕೆ ಹೋಗಲೇಬೇಕು. ಆ ಗಾಡಿಗೆ ಸ್ಟೀರಿಂಗ್ ಚಕ್ರವಿಲ್ಲ, ಎರಡು ಲಿವರ್ ಇವೆ. ಯಾವುದನ್ನು ಎಳೆಯುತ್ತೀಯೋ ಆ ಬದಿಯ ಮೂರೂ ಚಕ್ರ ನಿಲ್ಲುತ್ತವೆ, ಗಾಡಿ ಆ ಕಡೆ ತಿರುಗುತ್ತದೆ. ಬಲದ ಲಿವರನ್ನು ಸಣ್ಣ ಸಣ್ಣದಾಗಿ ಎಳೆಯುತ್ತಿರಬೇಕು, ಒಂದೇ ಸಲ ಜಗ್ಗಬಾರದು. ಹಿಂದಿನ ಸೀಟಿನಲ್ಲಿ ಸೌದೆ ತುಂಬು, ಇಲ್ಲದಿದ್ದರೆ ಮೂತಿಯ ಭಾರಕ್ಕೆ ಹಿಂದಿನ ಚಕ್ರಗಳು ಗಾಳಿಯಲ್ಲಿ ತಿರುಗುತ್ತವೆ.

ಬಸ್ಸಿನಲ್ಲಿ ಒಂದು ಸುರುಳಿ ಕಳಿಸಿದ್ದೇನೆ, ಅಂಗಡಿಯ ಮುಂದೆ ಇಳಿಸುತ್ತಾರೆ. ಗಣಿಯಲ್ಲಿ ಅದಿರು ಸಾಗಿಸುವ ಬೆಲ್ಟಿನ ತುಂಡು. ಹಲಗೆಯ ಕೆಳ ಅಂಚಿಗೆ ಬಿಗಿ. ಕಬ್ಬಿಣ ಗಡ್ಡೆಯನ್ನು ಕಚ್ಚುತ್ತದೆ, ರಬ್ಬರು ಸವರಿಕೊಂಡು ಹೋಗುತ್ತದೆ.

ಬೋಲ್ಟಿಗೆ ಟಾರು ಹಚ್ಚಿದ್ದು ಒಳ್ಳೆಯದಾಯಿತು, ತುಕ್ಕು ಹಿಡಿಯುವುದಿಲ್ಲ.

ಓಡಿಸುವವನು ಗೇತಾನ್ ತಾನೆ? ಅದನ್ನು ನೀನು ಬರೆದಿಲ್ಲ.

ತೌನೋ

*

18 ಡಿಸೆಂಬರ್

ಅಣ್ಣ,

ನಿನ್ನ ಹಲಗೆ ನಡೆಯುತ್ತದೆ! ಈ ಊರಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಬರೆಯುವವರು ಯಾರೂ ಇಲ್ಲ, ನಿನಗಾಗಿ ಒಂದು ಹಾಕಿದ್ದೇನೆ.

ಹತ್ತನೆಯ ತಾರೀಖು ಐದು ಇಂಚು ಗಡ್ಡೆಯ ಮೇಲೆ ಕಪ್ಪೆ ಇಳಿಯಿತು. ನಮ್ಮ ದಡದಿಂದ ಉತ್ತರ ದಡದ ಸೌನಾದವರೆಗೆ ಎರಡು ಕಿಲೋಮೀಟರ್, ಅರವತ್ತು ಅಡಿ ಅಗಲ. ಬೆಲ್ಟಿನ ರಬ್ಬರು ಗಡ್ಡೆಯನ್ನು ಕನ್ನಡಿಯಂತೆ ಒರೆಸಿಕೊಂಡು ಹೋಗುತ್ತದೆ. ನಿನ್ನೆ ತೂತು ಕೊರೆದು ಅಳೆದೆ. ಹಿಮ ತೆಗೆದ ದಾರಿಯಲ್ಲಿ ಎಂಟು ಇಂಚು. ಹತ್ತು ಹೆಜ್ಜೆ ಆಚೆ, ಹಿಮದ ಕೆಳಗೆ, ಐದೂವರೆ. ಅಳತೆಕೋಲನ್ನು ಗೇತಾನನ ಮೂಗಿನ ಕೆಳಗೆ ಹಿಡಿದೆ. "ಇಪ್ಪತ್ತು ಬಾಕಿ" ಅಂದ. ಅವನ ಬಾಯಲ್ಲಿ ಹೊಗಳಿಕೆ ಬರುವುದೇ ಹಾಗೆ.

ಚಾಲಕರ ಬಗ್ಗೆ ಕೇಳಿದ್ದೀಯ. ಚಾಲಕರು ಬಹಳ ಒಳ್ಳೆಯವರು. ನಿನ್ನ ಮಾತನ್ನು ಶಿರಸಾವಹಿಸಿ ಬಲದ ಲಿವರನ್ನು ಸಣ್ಣದಾಗಿ ಎಳೆಯುತ್ತಾರೆ. ಮೂರನೆಯ ಹಾಳೆಯನ್ನು ಸೀಟಿನ ಕೆಳಗೇ ಇಟ್ಟುಕೊಂಡಿದ್ದಾರೆ.

ಕ್ರಿಸ್ಮಸ್ಸಿಗೆ ಅಲ್ಲೇ ಸೌನಾ ಕಾಯಿಸುತ್ತೇನೆ. ನಿನ್ನ ಹೆಸರಿನಲ್ಲಿ ಒಂದು ಸೌಟು ನೀರನ್ನು ಕಾದ ಕಲ್ಲಿನ ಮೇಲೆ ಹಾಕಿ ಉಗಿ ಎಬ್ಬಿಸುತ್ತೇನೆ, ನೀನು ಬೇಡವೆಂದರೂ.

ಲೆಂಪಿ

*

28 ಡಿಸೆಂಬರ್

ಲೆಂಪಿ,

ಕಾಗದ ಸೇರಿತು. ಗೇತಾನನಿಗೆ ಹೇಳು: ಹಿಮವನ್ನು ದಾರಿಯ ಅಂಚಿನಲ್ಲೇ ಗುಡ್ಡೆ ಹಾಕಬಾರದು. ಆ ಭಾರಕ್ಕೆ ಅಂಚು ಬಾಗುತ್ತದೆ, ಬಿರುಕಿನಿಂದ ನೀರು ಮೇಲೆ ಬರುತ್ತದೆ. ದೂರ ತಳ್ಳಿ ಹರಡಬೇಕು.

ನನ್ನ ಹೆಸರಿನಲ್ಲಿ ನೀರು ಹಾಕಬೇಡ.

ತೌನೋ

*

11 ಜನವರಿ 1989

ಅಣ್ಣ,

ಗಡ್ಡೆ ಹದಿನಾಲ್ಕು ಇಂಚು. ಸ್ವಲ್ಪ ನೆಗಡಿಯಾಗಿದೆ, ಅದಕ್ಕೇ ಮಲಗಿಕೊಂಡು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ಒಂದು ಸಣ್ಣ ಅನುಕೂಲ ಬೇಕಿತ್ತು. ಕೂತಲ್ಲಿಂದಲೇ ಒಂದು ಎಳೆತಕ್ಕೆ ಹಲಗೆ ಪೂರ್ತಿ ಕಳಚಿ ಬೀಳುವ ಹಾಗೆ ಮಾಡಬಹುದೇ? ಶೆಡ್ಡಿನಲ್ಲಿ ನಿಲ್ಲಿಸುವಾಗ ಬೋಲ್ಟು ಬಿಚ್ಚುವುದು ಬೇಜಾರು. ಮೂರನೆಯ ಹಾಳೆಯನ್ನು ವಾಪಸ್ಸು ಕಳಿಸುತ್ತಿದ್ದೇನೆ, ಎಲ್ಲಿ ಏನು ಬದಲಿಸಬೇಕೆಂದು ಅದರ ಮೇಲೆಯೇ ಗುರುತು ಮಾಡಿ ಕೊಡು. ಬೇಗ ಕೊಟ್ಟರೆ ಒಳ್ಳೆಯದು.

ಲೆಂಪಿ

*

17 ಜನವರಿ

ಲೆಂಪಿ,

ಸೋಮಾರಿತನಕ್ಕೆ ನನ್ನಲ್ಲಿ ನಕ್ಷೆಯಿಲ್ಲ. ನಾಲ್ಕು ಬೋಲ್ಟು ಬಿಚ್ಚಲು ಹತ್ತು ನಿಮಿಷ ಸಾಕು. ಗಣಿಯಲ್ಲಿ ಹೀಗೆ ಅನುಕೂಲ ಕೇಳುತ್ತಿದ್ದವರನ್ನು ನಾನು ಬಲ್ಲೆ, ಅವರ ಬೆರಳುಗಳನ್ನು ಎಣಿಸಿದರೆ ಹತ್ತು ಇರುತ್ತಿರಲಿಲ್ಲ. ಬಿಗಿದದ್ದು ಬಿಗಿದ ಹಾಗೇ ಇರಲಿ. ಶೆಡ್ಡಿನ ಬಾಗಿಲು ಚಿಕ್ಕದಾದರೆ ಹೊರಗೆ ನಿಲ್ಲಿಸು.

ತೌನೋ

*

18 ಜನವರಿ

ಲೆಂಪಿ,

ನಿನ್ನೆಯ ಕಾಗದವನ್ನು ಹರಿದು ಹಾಕು. ಇವತ್ತು ಬೆಳಿಗ್ಗೆ ಅದನ್ನು ಅಂಚೆಗೆ ಹಾಕಿ ಬಂದು, ಕಪಾಟಿನಲ್ಲಿಡಲು ಮೂರನೆಯ ಹಾಳೆಯನ್ನು ಎತ್ತಿಕೊಂಡೆ. ನಿನ್ನೆ ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಹಾಳೆ ಅಲೆಅಲೆಯಾಗಿ ಸೆಟೆದುಕೊಂಡಿದೆ. ನನ್ನ ಶಾಯಿ ಅರ್ಧಕ್ಕರ್ಧ ಕರಗಿ ಹೋಗಿದೆ. ಮಡಿಕೆಯಲ್ಲಿ ಟಾರು ಅಂಟಿದ ಒಂದು ಎಳೆ ಉಣ್ಣೆ ಸಿಕ್ಕಿಕೊಂಡಿದೆ. ಈ ಹಾಳೆ ಸೀಟಿನ ಕೆಳಗೆ ಇರುತ್ತದೆಂದು ನೀನೇ ಬರೆದಿದ್ದೆ. ಸೀಟಿನ ಕೆಳಗೆ ನೀರು ಎಲ್ಲಿಂದ ಬಂತು?

ನೀನು ಟಾರು ತುಂಬಿದ್ದು ತುಕ್ಕಿಗಲ್ಲ ಎಂದು ಈಗ ಹೊಳೆಯಿತು. ನಾನು ಕಬ್ಬಿಣವನ್ನು ಒಣನೆಲದ ಮೇಲೆ ಮಾತ್ರ ಕಂಡವನು. ಭಾರ ಎಲ್ಲಿಗೆ ಹೋಗಬೇಕೆಂದು ಲೆಕ್ಕ ಹಾಕಿದೆ, ನೀರು ಎಲ್ಲಿಗೆ ಬರುತ್ತದೆಂದು ಹಾಕಲಿಲ್ಲ. ಗೇತಾನ್ ಕೇಳಿದ್ದನ್ನು ನೀನು ಬರೆದಾಗಲೂ ನಗುತ್ತ ಓದಿದೆ. ತೇಲುವ ಗಾಡಿಯ ಹೊಟ್ಟೆಗೆ ನಾಲ್ಕು ತೂತು ಕೊರೆಸಿದವನು ನಾನು.

ಗಾಡಿಯಲ್ಲಿ ಇದ್ದದ್ದು ಯಾರು? ಒಂದೇ ಸಾಲು ಬರೆದರೂ ಸಾಕು. ಉತ್ತರ ಬರುವ ತನಕ ಯಾರೂ ಗಡ್ಡೆಗೆ ಇಳಿಯಬೇಡಿ. ಸೌನಾ ಸುಟ್ಟರೆ ಸುಡಲಿ. ಈ ಸಲ ನಿಜವಾಗಿಯೂ ಹೇಳುತ್ತಿದ್ದೇನೆ.

ತೌನೋ

*

26 ಜನವರಿ

ಅಣ್ಣ,

ಎರಡು ಕಾಗದವೂ ಒಂದೇ ದಿನ ಬಂದವು. ಮೊದಲನೆಯದನ್ನು ಓದಿ ನಿನಗೆ ಬೈದೆ, ಎರಡನೆಯದನ್ನು ಓದಿ ಅತ್ತೆ. ಈಗ ಎರಡೂ ಮುಗಿದು ಆರಾಮವಾಗಿದ್ದೇನೆ.

ಗಾಡಿಯಲ್ಲಿ ಇದ್ದದ್ದು ನಾನೇ. ಮೊದಲ ದಿನದಿಂದಲೂ ನಾನೇ. ಗೇತಾನ್ ನೂರಿಪ್ಪತ್ತು ಕಿಲೋ ಇದ್ದಾನೆ, ಅವನನ್ನು ಕೂರಿಸಿದರೆ ಕಪ್ಪೆ ಮೊಸಳೆಯಾಗುತ್ತದೆ. ಹೇಳಿದರೆ ನೀನು ನಕ್ಷೆ ಕಳಿಸುವುದನ್ನು ನಿಲ್ಲಿಸುತ್ತಿದ್ದೆ.

ಜನವರಿ ಐದರಂದು, ಮಧ್ಯಾಹ್ನ. ಉತ್ತರ ದಡದಲ್ಲಿ ತೊರೆ ಬಂದು ಸೇರುವ ಜಾಗ ನೆನಪಿದೆಯಾ? ಅಲ್ಲಿ ಕೆಳಗೆ ನೀರು ಹರಿಯುತ್ತಿರುತ್ತದೆ, ಗಡ್ಡೆ ಯಾವತ್ತೂ ತೆಳ್ಳಗೆ. ನೀನು ಹಿಮವನ್ನು ದೂರ ತಳ್ಳು ಎಂದಿದ್ದೆ, ನಾನು ಸ್ವಲ್ಪ ಹೆಚ್ಚೇ ದೂರ ತಳ್ಳಿದೆ. ಮೂತಿ ಒಳಗಿಳಿಯಿತು. ಕಪ್ಪೆ ತೇಲಬೇಕಿತ್ತು. ಆದರೆ ಕೆಳಗಿಳಿಸಿದ್ದ ಹಲಗೆ ನೀರನ್ನು ಹಿಡಿದುಕೊಂಡು ಮೂತಿಯನ್ನು ಇನ್ನೂ ಕೆಳಕ್ಕೆ ಎಳೆಯಿತು. ಬೋಲ್ಟುಗಳ ಸುತ್ತಲಿನ ಟಾರು ಒಂದು ಕ್ಷಣವೂ ನಿಲ್ಲಲಿಲ್ಲ. ಮೊಣಕಾಲಿನವರೆಗೆ ನೀರು ಬಂತು. ಹಿಂದಿನ ಚಕ್ರಗಳು ಇನ್ನೂ ಗಟ್ಟಿ ಗಡ್ಡೆಯ ಮೇಲಿದ್ದವು, ನೀನು ತುಂಬಿಸಿದ ಸೌದೆಯ ಭಾರಕ್ಕೆ. ಗೇರು ಹಿಂದಕ್ಕೆ ಹಾಕಿ ಎಂಜಿನ್ನನ್ನು ಕಿರುಚಿಸಿದೆ. ಮೂರನೆಯ ಸಲಕ್ಕೆ ಮೇಲೆ ಬಂತು. ಸೌದೆ ನಿನ್ನದು ಎಂಬುದನ್ನೂ ಲೆಕ್ಕಕ್ಕೆ ಹಿಡಿ.

ತಪ್ಪಿನಲ್ಲಿ ಅರ್ಧ ನನ್ನದು. ಅಪ್ಪನ ದೋಣಿ ಮರದ್ದು, ನೀರು ಕುಡಿದು ಊದಿಕೊಂಡು ಟಾರನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಪ್ಲಾಸ್ಟಿಕ್ಕು ಊದುವುದಿಲ್ಲ. ದೋಣಿ ಕಟ್ಟುವವನ ಮಗಳಿಗೆ ಇಷ್ಟು ಗೊತ್ತಾಗಲಿಲ್ಲ.

ಆಮೇಲೆ ಏನು ಮಾಡಿದೆ ಎಂದು ಕೇಳು. ಇನ್ನೂರು ಹೆಜ್ಜೆ ದೂರದಲ್ಲಿ ಸೌನಾ ಇತ್ತು. ಪ್ಯಾಂಟು ತಗಡಿನ ಹಾಗೆ ಗಟ್ಟಿಯಾಗಿ ಕಾಲು ಮಡಿಸಲು ಬರುತ್ತಿರಲಿಲ್ಲ. ಒಲೆಯಲ್ಲಿ ಕ್ರಿಸ್ಮಸ್ಸಿನ ದಿನ ಜೋಡಿಸಿಟ್ಟ ಸೌದೆ ಹಾಗೇ ಇತ್ತು, ಅಮ್ಮ ಕಲಿಸಿದ ಹಾಗೆ ಮುಂದಿನವರಿಗೆಂದು ಇಟ್ಟದ್ದು. ಆ ಮುಂದಿನವಳು ನಾನೇ ಆದೆ. ಒಂದೇ ಕಡ್ಡಿಗೆ ಹತ್ತಿತು. ನಾನು ಹುಟ್ಟಿದ ಹಲಗೆಯ ಮೇಲೆ ಎರಡು ಗಂಟೆ ಕೂತು ಮತ್ತೆ ಮನುಷ್ಯಳಾದೆ. ಅದನ್ನು ಸುಡಲಿ ಎಂದು ಇನ್ನೊಂದು ಸಲ ಬರೆಯಬೇಡ.

ಗಡ್ಡೆ ಹದಿನೈದು ಇಂಚಿಗೆ ನಿಂತುಬಿಟ್ಟಿದೆ. ಮೂರು ವಾರದಿಂದ ಹಿಮ ಬಿದ್ದಲ್ಲೇ ಬಿದ್ದಿದೆ. ಮಾರ್ಚಿಗೆ ಇನ್ನೂ ಹದಿಮೂರು ಇಂಚು ಬೆಳೆಯಬೇಕು, ಒಂದೊಂದು ದಿನವೂ ಬೇಕು. ಹೊಸ ನಕ್ಷೆ ಕಳಿಸು. ನೀನು ಕಳಿಸದಿದ್ದರೆ ನಾನೇ ಏನೋ ಒಂದು ಕಟ್ಟಿಕೊಂಡು ಇಳಿಯುತ್ತೇನೆ, ಅದು ಇನ್ನೂ ಕೆಟ್ಟದಾಗಿರುತ್ತದೆ.

ಇನ್ನೊಂದು. ನಾನು ನೀರಿಗೆ ಬಿದ್ದದ್ದನ್ನು ಹೇಳಿದ್ದೇನೆ. ಆ ಸೌನಾ ನಿನಗೆ ಏನು ಮಾಡಿತು, ಈಗ ನೀನು ಹೇಳು.

ಲೆಂಪಿ

*

3 ಫೆಬ್ರವರಿ

ಲೆಂಪಿ,

ಬುಧವಾರದ ಬಸ್ಸಿನಲ್ಲಿ ಒಂದು ಪೆಟ್ಟಿಗೆ ಬರುತ್ತದೆ. ನಕ್ಷೆ ಕಳಿಸುತ್ತಿಲ್ಲ, ವಸ್ತುವನ್ನೇ ಕಳಿಸುತ್ತಿದ್ದೇನೆ. ಗೆಳೆಯನ ಶೆಡ್ಡಿನಲ್ಲಿ ಐದು ದಿನ ಕೂತು ನಾನೇ ಬೆಸೆದದ್ದು. ಕಪ್ಪೆಯನ್ನು ಹೋಲುವ ಗಾಡಿಯೊಂದು ಇಲ್ಲಿನ ಬೇಟೆಗಾರನ ಹತ್ತಿರ ಇದೆ. ಕೆರೆಯ ಗಡ್ಡೆ ಕೊಯ್ದು ಅದನ್ನು ನೀರಿಗಿಳಿಸಿ, ನೀರು ಮುಟ್ಟುವ ಗೆರೆಯನ್ನು ಸೀಮೆಸುಣ್ಣದಲ್ಲಿ ಎಳೆದು ಅಳತೆ ತೆಗೆದುಕೊಂಡೆ. ನವೆಂಬರಿನಲ್ಲಿ ಮಾಡಬೇಕಾಗಿದ್ದ ಕೆಲಸ.

ಹಳೆಯ ನಾಲ್ಕು ತೂತುಗಳಿಗೆ ಒಳಗೊಂದು ಹೊರಗೊಂದು ತಗಡು, ನಡುವೆ ಬೆಲ್ಟಿನ ರಬ್ಬರು, ಬಿಗಿದು ಮುಚ್ಚು. ಗಾಡಿಯನ್ನು ಒಲೆ ಹಚ್ಚಿದ ಶೆಡ್ಡಿನಲ್ಲಿ ನಿಲ್ಲಿಸಿ ತೊಟ್ಟಿಗೆ ನೀರು ತುಂಬಿ ಒಂದು ದಿನ ಬಿಡು. ಕೆಳಗೆ ಒಂದು ಹನಿ ಬಿದ್ದರೂ ಇಳಿಯಬೇಡ. ತೋಳುಗಳು ಈಗ ಮೇಲಿನ ಅಡ್ಡಪಟ್ಟಿಗೆ ಸೇರುತ್ತವೆ, ನೀರಿನ ಗೆರೆಗಿಂತ ಒಂಬತ್ತು ಇಂಚು ಮೇಲೆ. ಬೋಲ್ಟಿಲ್ಲ, ಎರಡು ಪಿನ್ನು ಮಾತ್ರ. ಎರಡಕ್ಕೂ ಸೇರಿ ಒಂದು ಕೆಂಪು ಹಗ್ಗ, ಅದರ ತುದಿ ನಿನ್ನ ಬಲಗೈಯ ಹತ್ತಿರ. ಮೂತಿ ಇಳಿಯಿತೆಂದರೆ ಎಳೆ. ಹಲಗೆ ಸರೋವರದ ತಳಕ್ಕೆ ಹೋಗಲಿ, ಹಂಡೆ ಇನ್ನೊಂದು ಸಿಗುತ್ತದೆ. ಎಳೆಯಲು ಯೋಚನೆ ಮಾಡಬೇಡ.

ಈಗ ನೀನು ಕೇಳಿದ್ದು. 1946ರ ಒಂದು ಶನಿವಾರ, ನೀನು ನೀರು ತರಲು ಹೋಗಿದ್ದೆ. ಮೇಲಿನ ಹಲಗೆಯ ಮೇಲೆ ಅಪ್ಪ, ಪಕ್ಕದಲ್ಲಿ ನಾನು. ಗಣಿಗೆ ಹೋಗುತ್ತೇನೆಂದು ಹೇಳಿದೆ. ಬೇಡ, ಕಾಡಿನಲ್ಲೇ ಕೆಲಸವಿದೆ ಅಂದರು. ನಾನು ಕೂಗಾಡಿದೆ. ಸೌನಾದ ಒಳಗೆ ಯಾರೂ ದನಿ ಎತ್ತಬಾರದು, ನಮಗೆ ಮಾತು ಬರುವ ಮೊದಲೇ ಕಲಿಸಿದ್ದು ಅದು. ನಾನು ಆ ಕಲ್ಲುಗಳ ಮುಂದೆ ಅಪ್ಪನಿಗೆ ಏನೇನು ಅಂದೆನೋ ಅದನ್ನು ಕಾಗದದಲ್ಲಿ ಬರೆಯಲಾರೆ. ಅಪ್ಪ ಕೂಗಲಿಲ್ಲ. ಒಂದು ಸೌಟು ನೀರು ಹಾಕಿ, ಉಗಿ ಅಡಗುವ ತನಕ ಕಾದು, "ದನಿ ಇಳ್ಸೋದು ಕಲ್ತ್ಮೇಲೆ ಬಾ" ಅಂದರು. ನಾನು ಅಂಗಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಹೊರಟೆ. ಮನೆಯಿಂದಲೇ ಅಟ್ಟಿದರು ಎಂದು ತಿಳಿದುಕೊಂಡೆ. ಅವರು ಸತ್ತಾಗ ಬಂದವನು ಸ್ಮಶಾನದಿಂದಲೇ ಬಸ್ಸು ಹತ್ತಿದೆ, ಸರೋವರ ದಾಟಲಿಲ್ಲ.

ಇಷ್ಟೇ. ಕೆಂಪು ಹಗ್ಗವನ್ನು ಮರೆಯಬೇಡ.

ತೌನೋ

*

14 ಮಾರ್ಚ್

ಅಣ್ಣ,

ಐದು ವಾರ ಒಂದು ಸಾಲೂ ಬರೆಯಲಿಲ್ಲ, ಸಿಟ್ಟಾಗಬೇಡ. ಬರೆಯುವ ಕೈ ಲಿವರಿನ ಮೇಲಿತ್ತು. ನಿನ್ನ ಕಾಗದಕ್ಕೆ ಕೊಡಬೇಕಾದ ಉತ್ತರವೂ ನನ್ನ ಹತ್ತಿರ ಇರಲಿಲ್ಲ. ಈಗ ಇದೆ.

ಮೊದಲು ಸಮಾಚಾರ. ತೊಟ್ಟಿಗೆ ನೀರು ತುಂಬಿ ಎರಡು ದಿನ ಬಿಟ್ಟೆ, ಒಂದು ಹನಿಯೂ ಬೀಳಲಿಲ್ಲ. ಕೆಂಪು ಹಗ್ಗವನ್ನು ಅಂಗಳದಲ್ಲಿ ಎಳೆದು ನೋಡಿದೆ, ಹಲಗೆ ಧಡಾರನೆ ಬಿತ್ತು, ಗೇತಾನನ ನಾಯಿ ಇನ್ನೂ ನಮ್ಮ ಕಡೆ ಬಂದಿಲ್ಲ. ಗಡ್ಡೆಯ ಮೇಲೆ ಅದನ್ನು ಎಳೆಯುವ ಪ್ರಸಂಗ ಬರಲಿಲ್ಲ. ಫೆಬ್ರವರಿಯ ಚಳಿ ನಮ್ಮ ಕಡೆಗಿತ್ತು. ಹಿಮ ಬಿದ್ದ ದಿನ ಎರಡು ಸಲ, ಬೀಳದ ದಿನ ಒಂದು ಸಲ, ಬರಿಗಡ್ಡೆ ಕಾಣುವ ತನಕ ಸವರಿದೆ. ಮಾರ್ಚ್ ಒಂಬತ್ತಕ್ಕೆ ಇಪ್ಪತ್ತೊಂಬತ್ತು ಇಂಚು. ಅಳತೆಕೋಲನ್ನು ಗೇತಾನನ ಅಡುಗೆಮನೆಯ ಮೇಜಿನ ಮೇಲಿಟ್ಟೆ. ಅವನು ಟೋಪಿ ಹಾಕಿಕೊಂಡು ಎದ್ದ.

ಶನಿವಾರ, ಹನ್ನೊಂದರಂದು ಎಳೆದೆವು. ಕೆಳಗೆ ಎರಡು ದಪ್ಪ ದಿಮ್ಮಿಗಳ ಜಾರುಬಂಡಿ. ಬುಡದ ದಿಮ್ಮಿಗಳು ಮೆತ್ತಗಾಗಿರುತ್ತವೆ ಅಂದಿದ್ದೆಯಲ್ಲ, ಗೇತಾನ್ ಕೊಡಲಿಯ ಹಿಂಬದಿಯಿಂದ ಬಡಿದರೆ ಗಂಟೆಯ ಹಾಗೆ ಶಬ್ದ ಬಂತು. ರಾತ್ರಿ ಬಿದ್ದ ಹಿಮವನ್ನು ಸವರುತ್ತ ಮುಂದೆ ನಾನು, ಐವತ್ತು ಹೆಜ್ಜೆ ಹಿಂದೆ ಟ್ರಾಕ್ಟರು, ಅದರ ಹಿಂದೆ ಹೊಗೆಕೊಳವೆಯ ಸಮೇತ ಅಪ್ಪನ ಸೌನಾ. ಊರಿನವರೆಲ್ಲ ನಮ್ಮ ದಡದಲ್ಲಿ ಕಾಫಿ ಹಿಡಿದು ನಿಂತಿದ್ದರು. ನಡುವೆ ಬಂದಾಗ ಗಡ್ಡೆ ಗುಡುಗಿತು. ನಮ್ಮ ದಾರಿಗೆ ಅಡ್ಡಲಾಗಿ ಒಂದು ಬಿರುಕು ಓಡಿತು, ಅದರಿಂದ ನೀರು ಜಿನುಗಿತು. ಗೇತಾನ್ ಟ್ರಾಕ್ಟರನ್ನು ನಿಧಾನ ಮಾಡಿದ. ಸರಪಳಿ ಬಿಚ್ಚಿ ಸೌನಾವನ್ನು ಅಲ್ಲೇ ಬಿಡುವುದೋ ಎಂದು ಅವನ ಕೈ ಅನುಮಾನಿಸುವುದು ನನಗೆ ಕಾಣುತ್ತಿತ್ತು. ನಿಂತ ಭಾರಕ್ಕೆ ಗಡ್ಡೆ ಬಾಗುತ್ತದೆ, ನಡೆಯುವ ಭಾರವನ್ನು ಹೊರುತ್ತದೆ. ನಾನು ಕಪ್ಪೆಯಿಂದ ಎದ್ದು ನಿಂತು, "ನಿಲ್ಲಬೇಡ, ಈ ಗಡ್ಡೆ ಬೆಳೆಸಿದ್ದು ನಾನು, ಬಾ" ಎಂದು ಕೂಗಿದೆ. ಹೊರಗೆ ಕೂಗಬಹುದು, ನಿಯಮ ಇರುವುದು ಒಳಗೆ ಮಾತ್ರ. ಅವನು ಬಂದ. ಮಧ್ಯಾಹ್ನ ಎರಡು ಗಂಟೆಗೆ ಸೌನಾ ನನ್ನ ಅಂಗಳದಲ್ಲಿ ನಿಂತಿತು. ಒಲೆಯ ಮೇಲಿನ ಒಂದು ಕಲ್ಲೂ ಉರುಳಿರಲಿಲ್ಲ.

ಈಗ ನಿನ್ನ ವಿಷಯ. ಭಾನುವಾರ ಬಟ್ಟೆ ಬದಲಿಸುವ ಕೋಣೆಯನ್ನು ಗುಡಿಸುತ್ತಿದ್ದೆ. ಆಚೆ ದಡದಲ್ಲಿ ಅದರ ಕಿಟಕಿ ಕಾಡಿನ ಕಡೆಗಿತ್ತು, ಯಾವಾಗಲೂ ಮಬ್ಬು. ಇಲ್ಲಿ ಸರೋವರದ ಬೆಳಕು ನೇರ ಒಳಗೆ ಬೀಳುತ್ತದೆ. ಗೋಡೆಯ ಮೇಲೆ ಅಪ್ಪ ಕೆತ್ತಿದ ಐದು ಗೂಟಗಳು. ನಾಲ್ಕು ಗೂಟಗಳು ಒದ್ದೆ ಬಟ್ಟೆ ಹೊತ್ತು ಹೊತ್ತು ಕಪ್ಪಗೆ ನುಣುಪಾಗಿವೆ. ಐದನೆಯದರ ಮೇಲೆ ಚಾಕುವಿನ ಗುರುತುಗಳು ಇನ್ನೂ ಕಾಣಿಸುತ್ತವೆ. ಅದು ನಿನ್ನ ಗೂಟ.

ಅದನ್ನು ನೋಡುತ್ತ ನಿಂತಾಗ ನೆನಪಾಯಿತು. ಒಂದು ಸಲ ಪಾದ್ರಿಗಳು ಸೌನಾಕ್ಕೆ ಬಂದಿದ್ದರು, ನೀನು ಹೋಗಿ ಐದಾರು ವರ್ಷವಾಗಿತ್ತು. ಬೇರೆ ಗೂಟ ಖಾಲಿಯಿರಲಿಲ್ಲವೆಂದು ಅವರು ಕೋಟನ್ನು ನಿನ್ನದಕ್ಕೆ ಹಾಕಿದರು. ಅಪ್ಪ ಅದನ್ನು ತೆಗೆದು ಅವರ ಕೈಯಲ್ಲೇ ಇಟ್ಟರು. "ಅದು ತೌನೋದು. ಅವನು ಬರ್ತಾನೆ" ಅಂದರು. ಪಾದ್ರಿಗಳು ಕೋಟನ್ನು ಬೆಂಚಿನ ಮೇಲೆ ಮಡಿಸಿಟ್ಟು ಸ್ನಾನಕ್ಕೆ ಹೋದರು. ಅಪ್ಪ ಸಾಯುವ ತನಕ, ಆಮೇಲೆ ಅಮ್ಮ, ಆಮೇಲೆ ವೈಕೊ, ಯಾರೂ ಆ ಗೂಟವನ್ನು ಮುಟ್ಟಲಿಲ್ಲ. ನನಗೆ ಅದು ಮನೆಯ ರೂಢಿ, ಅಷ್ಟೇ. ನಿನಗೆ ಹೇಳಬೇಕಾದ ಮಾತು ಎಂದು ಒಂದು ದಿನವೂ ಹೊಳೆಯಲಿಲ್ಲ. ನಲವತ್ತೆರಡು ವರ್ಷ ನಾನು ಹೇಳದೆ ಉಳಿದೆ, ನೀನು ಕೇಳದೆ ಉಳಿದೆ.

ಅಪ್ಪ ಅವತ್ತು ನಿನಗೆ ಅಂದ ಮಾತನ್ನು ಹತ್ತು ಸಲ ಓದಿದೆ. ಅದರ ಕೊನೆಯಲ್ಲಿ ಇರುವುದು "ಬಾ" ಎಂದೇ. ಆಗ ನಿನ್ನ ಕಿವಿ ಚೆನ್ನಾಗಿಯೇ ಇತ್ತಲ್ಲ, ಅಣ್ಣ.

ಇನ್ನೂ ಒಲೆ ಹಚ್ಚಿಲ್ಲ. ಕಾಯುತ್ತಿದ್ದೇನೆ.

ಲೆಂಪಿ

*

20 ಮಾರ್ಚ್

ಲೆಂಪಿ,

ಶುಕ್ರವಾರದ ಬಸ್ಸಿಗೆ ಬರುತ್ತೇನೆ. ಅಂಗಡಿಯ ಮುಂದೆ ಕಪ್ಪೆಯನ್ನೇ ತಂದು ನಿಲ್ಲಿಸು, ನನ್ನ ಪಿನ್ನುಗಳನ್ನು ನೋಡಬೇಕು. ಶನಿವಾರ ಒಲೆ ಹಚ್ಚು. ಆ ಗೂಟವನ್ನು ಒರೆಸಬೇಡ, ಅಂಗಿಯನ್ನು ನಾನೇ ನೇತುಹಾಕುತ್ತೇನೆ.

ಒಂದು ತೊಂದರೆಯಿದೆ. ನನ್ನ ದನಿ ನನಗೇ ಕೇಳುವುದಿಲ್ಲ. ಮೆಲ್ಲಗೆ ಮಾತಾಡುತ್ತಿದ್ದೇನೆ ಎಂದುಕೊಂಡು ಕೂಗುತ್ತಿರುತ್ತೇನೆ, ಅಂಗಡಿಯಲ್ಲಿ ಜನ ತಿರುಗಿ ನೋಡಿದ ಮೇಲೆ ಗೊತ್ತಾಗುತ್ತದೆ. ಮೇಲಿನ ಹಲಗೆಯ ಮೇಲೆ ನನ್ನ ಪಕ್ಕದಲ್ಲೇ ಕೂತುಕೋ. ದನಿ ಏರಿದರೆ ಮೊಣಕೈ ತಟ್ಟು, ಇಳಿಸುತ್ತೇನೆ.

ತೌನೋ